ಕಮಾದೆಯಜ್ಜಿಯ ಹೊಲದಲ್ಲಿ ಕಳೆ ಕಿತ್ತ ದಿನ

ನಮ್ಮ ಮಿಯಾಕೊ ದ್ವೀಪದಲ್ಲಿ ಎಪ್ಪತ್ತಾರರ ಕಮಾದೆಯಜ್ಜಿಯಷ್ಟು ಜಂಬದ ಹೆಂಗಸು ಇನ್ನೊಬ್ಬಳಿಲ್ಲ. ನನಗೋ ಅವಳೆಂದರೆ ಪ್ರಾಣ. ಎಳೆಯದಾಗಿದ್ದಾಗ ಕಬ್ಬನ್ನೇ ಹೋಲುವ ಒಂದು ಹುಲ್ಲು ನಮ್ಮಲ್ಲಿದೆ. ಅಜ್ಜಿ ಕಣ್ಣು ಮುಚ್ಚಿ ಎಲೆ ಮುಟ್ಟಿಯೇ ಇದು ಕಬ್ಬು, ಇದು ಹುಲ್ಲು ಅನ್ನುತ್ತಿದ್ದಳು.

"ಮೊದಲ ಮೂರು ತಿಂಗಳು ಕಬ್ಬು ಕೂಸು ಕಣೇ. ಆಗ ಹುಲ್ಲು ಪಕ್ಕದಲ್ಲಿ ಕೂತು ಗೊಬ್ಬರ ನುಂಗಿ ಬಿಸಿಲು ಕದ್ರೆ ಬುಡದಲ್ಲಿ ಮರಿ ಒಡೆಯೋದೇ ಇಲ್ಲ. ಆಮೇಲೆ ನೀನು ಹಾಲೆರೆದ್ರೂ ಅಷ್ಟೇ!"

ಆ ವಸಂತದಲ್ಲಿ ಅವಳ ಮೊಣಕಾಲು ಕೈಕೊಟ್ಟಿತು. ಅವಳ ಮೈದುನ ಕೇಶುನ್ ಕಾದಿದ್ದವನಂತೆ ಬಂದ. "ಅತ್ತಿಗೆ, ಇನ್ನು ಹೊಲ ನನಗೆ ಬಿಡಿ. ಭಾನುವಾರ ಬಂದು ನೋಡ್ತೀನಿ, ಕಳೆ ಇದ್ರೆ ಹೊಲ ನಂದು."

ಗಂಡ ಸತ್ತ ಮೇಲೆ ಮೂವತ್ತು ವರ್ಷ ಒಬ್ಬಳೇ ಗೇದ ಹೊಲ. ರೋಷ ಉಕ್ಕಿ "ಆಗ್ಲಿ ಹೋಗೋ" ಅಂದುಬಿಟ್ಟಳು.

ಶನಿವಾರ ಒಬ್ಬರ ಹೊಲಕ್ಕೊಬ್ಬರು ದುಡಿಯುವ ನಾವು ಒಂಬತ್ತು ಮಂದಿ ಮುಯ್ಯಾಳುಗಳು ಕಳೆಗುದ್ದಲಿ ಹಿಡಿದು ಹೋದೆವು. ಹೊಲಕ್ಕೆ ಇಳಿಯುವಷ್ಟರಲ್ಲಿ ಮಳೆ. ಕೊಟ್ಟಿಗೆ ಸೇರಿದೆವು, ಯಾರೋ ಅವಮೊರಿ ಸಾರಾಯಿಯ ಬಾಟಲಿ ಬಿಚ್ಚಿದರು. ಇನ್ನು ಒತೋರಿ ತಪ್ಪೀತೇ? ಒಬ್ಬರು ಎದ್ದು ಭಾಷಣ ಮಾಡಿ, ಕುಡಿದು, ಅದೇ ಬಟ್ಟಲಲ್ಲಿ ಎಲ್ಲರಿಗೂ ಹಾಕಿಕೊಡಬೇಕು. ಆಮೇಲೆ ಮುಂದಿನವರ ಸರದಿ. ನಡುವೆ ಎದ್ದು ಹೋಗುವುದು ಮರ್ಯಾದೆಯಲ್ಲ. ಅಜ್ಜಿ ಸೇರಿ ಹತ್ತು ಮಂದಿ, ಹತ್ತು ಭಾಷಣ, ಹತ್ತು ಸುತ್ತು. ನಾನು ನನ್ನ ಮೇಕೆಯ ಗುಣಗಾನ ಮಾಡಿದೆ, ಎಲ್ಲರೂ ಗಳಗಳ ಅತ್ತರು.

ಬಿಸಿಲು ಬಂದದ್ದೇ ಹಾಡುತ್ತಾ ಹೊಲಕ್ಕೆ ನುಗ್ಗಿದೆವು. ಅಜ್ಜಿ ಬದುವಿನ ಮೇಲೆ ಕೂತು ಚಪ್ಪಾಳೆ ತಟ್ಟಿದಳು. ಅಷ್ಟು ಚುರುಕಾಗಿ ನಾನು ಜನ್ಮದಲ್ಲಿ ಕಳೆ ಕಿತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಂದು ನೋಡುತ್ತೇವೆ, ಅಂಚಿನ ನಾಲ್ಕು ಸಾಲಲ್ಲಿ ಕಬ್ಬನ್ನೆಲ್ಲ ಕಿತ್ತು ಗುಡ್ಡೆ ಹಾಕಿದ್ದೇವೆ! ಹುಲ್ಲು ಮಾತ್ರ ಠೀವಿಯಿಂದ ನಿಂತಿದೆ. ನನಗೆ ಭೂಮಿಗಿಳಿದು ಹೋದಂತಾಯಿತು. ಕೀಳೋಣವೆಂದು ಬಾಗಿದೆನೋ ಇಲ್ಲವೋ, ಕೇಶುನ್ ಬಂದ.

ಕೈ ಹಿಂದೆ ಕಟ್ಟಿಕೊಂಡು ಹೊಲವೆಲ್ಲ ಸುತ್ತಿ, ಸರಿಯಾಗಿ ಆ ನಾಲ್ಕು ಸಾಲಿನ ಮುಂದೆ ನಿಂತ. ಒಂದು ಎಲೆ ಸವರಿದ.

"ಸೋತೆ ಅತ್ತಿಗೆ. ಹೊಲ ನೀವೇ ಇಟ್ಕೊಳ್ಳಿ. ಈ ನಾಲ್ಕು ಸಾಲು ನೋಡಿ, ಏನು ಹಸಿರು, ಏನು ಮರಿ! ಇಂಥ ಕಬ್ಬು ನಮ್ಮಪ್ಪನೂ ಬೆಳೆದಿರ್ಲಿಲ್ಲ!"

ನಾನು ಅಜ್ಜಿಯ ತೋಳು ಚಿವುಟಿದೆ, ಸುಮ್ಮನಿರು ಅಂತ. ಸುಮ್ಮನಿದ್ದರೆ ಗೆದ್ದಂತೆ. ಆದರೆ ಹುಲ್ಲನ್ನು ಕಬ್ಬು ಅಂದರೆ ಸಹಿಸುವ ಜೀವವೇ ಅದು?

"ಹುಲ್ಲು ಕಣೋ ಅದು, ಮುಠ್ಠಾಳ! ನಿನ್ನ ಕೈಗೆ ಹೊಲ ಕೊಟ್ರೆ ಸಕ್ಕರೆ ಕಾರ್ಖಾನೆಗೆ ಹುಲ್ಲು ಹೊತ್ಕೊಂಡು ಹೋಗ್ತೀಯ!"

ಕೇಶುನ್ ಕೆಂಪಗಾದ. ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟ. ನಕ್ಕು ನಕ್ಕು ಸುಸ್ತಾದ ಮೇಲೆ ಹೊಲದ ಮಾತೇ ಎತ್ತದೆ, ತೋಳೇರಿಸಿ ಕಳೆ ಕೀಳಲು ಪಕ್ಕದ ಸಾಲಿಗೆ ಕೈಹಾಕಿದ.

"ಏಯ್, ಬಿಡೋ! ಅದು ಕಬ್ಬು!"