ಶಿರವಾಳದ ಲಾಡ್ಜ್

ಒಂದು ಪ್ರವಾಸಿ ವೆಬ್‌ಸೈಟಿಗೆ ನಾನು ಪುಡಿಗಾಸಿಗೆ ಲೇಖನ ಬರೆಯುತ್ತಿದ್ದೆ. ನಮ್ಮೂರು ಶಿರವಾಳದ ಹಳೆಯ ಗುಡಿಗಳ ಬಗ್ಗೆ ಬರೆದಾಗ, ಇಲ್ಲಿ ಲಾಡ್ಜ್ ಇಲ್ಲ, ಸಂಜೆಯೊಳಗೆ ಶಹಾಪುರಕ್ಕೆ ವಾಪಸಾಗಿ ಎಂದು ಕೊನೆಗೆ ಸೇರಿಸಿದ್ದೆ. ಇಲ್ಲ ಅಂತ ಬರೆದರೆ ಯಾರು ಓದುತ್ತಾರೆ ಎಂದ ಸಂಪಾದಕರು, ಗುಡಿಯ ಹತ್ತಿರವೇ ಒಳ್ಳೆಯ ಲಾಡ್ಜ್‌ಗಳಿವೆ ಎಂದು ತಿದ್ದಿದರು. ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ‘ಸ್ಥಳೀಯ ಲೇಖಕ’. ಆ ಸಾಲು ತೆಗೆಯಿರಿ ಎಂದು ಎಷ್ಟು ಮೇಲ್ ಹಾಕಿದರೂ ಉತ್ತರವಿಲ್ಲ.

ಕಳೆದ ಚಳಿಗಾಲದ ಒಂದು ಸಂಜೆ ಬೀದರಿನ ಕುಟುಂಬವೊಂದು ಬ್ಯಾಗು, ಮುದುಕಿ, ನಿದ್ದೆಹೋದ ಕೂಸಿನ ಸಮೇತ ಕೊನೆಯ ಬಸ್ಸಿಗೆ ಬಂದಿಳಿಯಿತು.

“ಲಾಡ್ಜ್ ಎಲ್ಲಿ ಬರ್ತದ್ರಿ?” ಮನೆಯ ಯಜಮಾನರು ನನ್ನನ್ನೇ ಕೇಳಿದರು.

“ಇಲ್ಲಿ ಲಾಡ್ಜೇ ಇಲ್ರಿ,” ಎಂದೆ.

ಅವರು ನನ್ನ ಲೇಖನವಿದ್ದ ಮೊಬೈಲನ್ನು ಮುಖಕ್ಕೇ ಹಿಡಿದರು. “ಇದೇ ಊರವ್ರು ಬರದಾರ್ರಿ. ಅವ್ರಿಗಿಂತ ನಿಮಗ ಜಾಸ್ತಿ ಗೊತ್ತದೇನ್ರಿ?”

ಮೈಯೆಲ್ಲ ಉರಿದುಹೋಯಿತು. ಬರೆದವನು ನಾನೇ, ಲಾಡ್ಜಿನ ಸಾಲು ಮಾತ್ರ ನನ್ನದಲ್ಲ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ನಿರಾಳವಾಗಿ ಬ್ಯಾಗು ಎತ್ತಿಕೊಂಡರು.

“ಬರದವ್ರು ನೀವೇ ಸಿಕ್ಕಿದ್ದು ಚಲೋ ಆತು. ನಡ್ರಿ, ತೋರಸ್ರಿ, ಎಲ್ಲದ ಲಾಡ್ಜ್?”