ಮೆಟ್ಟಿಲಿಗೆ ಅಡ್ಡ ನಿಂತವಳು

ಸೂಜಿ ಅಕ್ಕ ಹೊಲಿಗೆಯವಳು. ನಾಲಿಗೆ ಸೂಜಿಗಿಂತ ಚೂಪು ಎಂದು ಅತ್ತೆಯೇ ಇಟ್ಟ ಅಡ್ಡಹೆಸರು. ಗಂಡ ಸತ್ತ ಮೇಲೆ ಮಸೀದಿಯ ಹಿಂದಿನ ಬೀದಿಯಲ್ಲಿ ತನ್ನಂಥ ಇನ್ನೂ ಆರು ಮುಸ್ಲಿಂ ಹೆಂಗಸರನ್ನು ಕೂಡಿಸಿಕೊಂಡು ಸಂಘ ಕಟ್ಟಿದಳು. ಕೆಳಗೆ ಹೊಲಿಗೆಯ ಕೋಣೆ. ಮೇಲೆ, ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದವರಿಗೆ ನಾಲ್ಕು ಮಂಚ. ಮಂಚ ಸಾಲದಾದಾಗ ಸರ್ಕಾರದ ಅನುದಾನ ಕೇಳಿದರು. ಬಂತು, ಜೊತೆಗೆ ಬಾಗಿಲಿಗೆ ಹಾಕಲು ಸರ್ಕಾರಿ ಮುದ್ರೆಯ ಫಲಕವೂ ಬಂತು.

"ನಮ್ಮ ಹೆಂಗಸರನ್ನ ಸರ್ಕಾರಕ್ಕೆ ಮಾರಿಬಿಟ್ರು" ಎಂಬ ಮಾತು ಹಬ್ಬಿತು. ಹಾಗೆ ಆಡಿಕೊಂಡವರನ್ನು ಮಸೀದಿಯ ಇಮಾಮರು ಗದರಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಹತ್ತು ಹನ್ನೊಂದು ಗಂಡಸರು ಕಬ್ಬಿಣದ ಸರಳು ಹಿಡಿದು ನುಗ್ಗಿದರು. ಮೊದಲು ಫಲಕ ಪುಡಿಯಾಯಿತು, ಆಮೇಲೆ ಹೊಲಿಗೆ ಯಂತ್ರಗಳು. ಗುಂಡಿ ಹಚ್ಚುತ್ತಿದ್ದ ಮುದುಕಿಯನ್ನು ಕೂದಲು ಹಿಡಿದು ಗೋಡೆಗೆ ಬಡಿದರು. ಸೂಜಿ ಅಕ್ಕ ಓಡಿಹೋಗಿ ಮೆಟ್ಟಿಲಿಗೆ ಅಡ್ಡ ನಿಂತಳು. ಎದುರು ಬಂದವನು ಮುಖಕ್ಕೆ ಬಟ್ಟೆ ಕಟ್ಟಿದ್ದ. ಆದರೆ ಅವನ ಅಂಗಿ ಅವಳೇ ಹೊಲಿದದ್ದು. ಸ್ವಂತ ತಮ್ಮ.

"ದಾರಿ ಬಿಡಕ್ಕಾ. ನನ್ನ ಹೆಂಡ್ತಿ ಮೇಲಿದ್ದಾಳೆ."

"ಇದ್ದಾಳೆ. ನೀನು ಮುರಿದ ದವಡೆ ಇನ್ನೂ ಕೂಡಿಲ್ಲ. ನನ್ನ ದಾಟಿ ಹೋಗು, ನೋಡೋಣ."

ಅವನು ಸರಳು ಬೀಸಿದ. ಅವಳ ಬಲ ಮೊಣಕೈ ಲಟಕ್ಕೆಂದಿತು. ಎರಡನೆಯ ಏಟು ಭುಜಕ್ಕೆ ಬಿತ್ತು. ಪಕ್ಕದ ಮೇಜಿನ ಮೇಲೆ ಕಾದಿದ್ದ ಇಸ್ತ್ರಿಪೆಟ್ಟಿಗೆಯನ್ನು ಎಡಗೈಯಲ್ಲಿ ಎತ್ತಿ ಅವನ ಕೆನ್ನೆಗೆ ಒತ್ತಿದಳು. ಚರ್ಮ ಸುಟ್ಟ ವಾಸನೆ ಎದ್ದಿತು. ಚೀರುತ್ತಾ ಉರುಳಿದವನನ್ನು ಎಳೆದುಕೊಂಡು ಉಳಿದವರು ಕಾಲ್ತೆಗೆದರು.

ಮರುದಿನ ಆಸ್ಪತ್ರೆಗೆ ಅನುದಾನದ ಅಧಿಕಾರಿ ಬಂದ. "ಅಲ್ಲಿರೋ ಹೆಂಗಸರ ಹೆಸರು, ವಿಳಾಸ ಕೊಡಿ. ಮಸೀದಿಗೆ ಯಾರ್ಯಾರು ಬರ್ತಾರೆ, ಏನು ಮಾತಾಡ್ತಾರೆ, ಅದೂ ಬೇಕು. ಕೊಟ್ರೆ ಪೊಲೀಸ್ ಕಾವಲು. ಇಲ್ಲಾಂದ್ರೆ ಅನುದಾನ ಬಂದ್."

"ಹೊಡೆದವರ ಹೆಸರು ಬರ್ಕೊಳ್ಳಿ, ನನ್ನ ತಮ್ಮನದೇ ಮೊದಲು. ಹೊಡೆಸಿಕೊಂಡವರದು ಒಂದೂ ಸಿಗಲ್ಲ."

"ಉಂಡ ಮನೆಗೆ ಎರಡು ಬಗೀತೀರಾ?"

"ಉಂಡದ್ದು ತೆರಿಗೆ ಕಟ್ಟಿದವರ ಅನ್ನ, ಸ್ವಾಮಿ. ನಾನೂ ಕಟ್ಟಿದೀನಿ."

ಅನುದಾನ ನಿಂತಿತು. ಬಾಡಿಗೆ ಕಟ್ಟಲಾಗದೆ ಮೇಲಿನ ಕೋಣೆ ಕೈತಪ್ಪಿತು. ಅಲ್ಲಿದ್ದವರನ್ನು ಸಂಘದ ಹೆಂಗಸರು ತಂತಮ್ಮ ಮನೆಗಳಿಗೆ ಹಂಚಿಕೊಂಡರು, ಇಬ್ಬರನ್ನು ಇಮಾಮರ ಹೆಂಡತಿಯೇ ಕರೆದೊಯ್ದಳು. ತಮ್ಮ ಜೈಲಿಗೆ ಹೋದ. ಅಂದಿನಿಂದ ಅಮ್ಮ ಮಗಳ ಮುಖ ನೋಡಿಲ್ಲ. ಅವನ ಕೆನ್ನೆ ನೆನಪಾದ ದಿನ ಸೂಜಿ ಅಕ್ಕನಿಗೆ ತುತ್ತು ಇಳಿಯುವುದಿಲ್ಲ. ಅವಳ ಮೊಣಕೈ ಮತ್ತೆ ಮಡಚಲು ಬರಲಿಲ್ಲ. ತಮ್ಮನ ಹೆಂಡತಿ ಈಗ ಅವಳ ಜೊತೆಗೇ ಇದ್ದಾಳೆ: ಅಕ್ಕ ಅಳತೆ ಹೇಳುತ್ತಾಳೆ, ಅವಳು ಬಟ್ಟೆ ಕತ್ತರಿಸುತ್ತಾಳೆ, ಇಬ್ಬರೂ ದಿನವಿಡೀ ಜಗಳವಾಡುತ್ತಾರೆ.