ಕ್ಯಾಪ್ಟನ್‌ಗೊಬ್ಬಳು ತಂಗಿ

ಆಕಾಶನೌಕೆಯ ಕ್ಯಾಪ್ಟನ್ ಒಬ್ಬನ ಮೇಲೆ ಮೂರು ಇಂಗ್ಲಿಷ್ ಸಿನಿಮಾಗಳು ಬಂದಿದ್ದವು. ಮೂರನ್ನೂ ನಾನೂ ತಮ್ಮನೂ ಅಪ್ಪನ ಜೊತೆ ಮಾಟುಂಗದ ಟಾಕೀಸಿನಲ್ಲಿ ನೋಡಿದ್ದೆವು. ನಾವು ಓದುತ್ತಿದ್ದದ್ದು ವಡಾಲದ ಕನ್ನಡ ಶಾಲೆಯಲ್ಲಿ. ಪರದೆಯ ಮೇಲಿನ ಇಂಗ್ಲಿಷ್ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅಪ್ಪ ನಮ್ಮಿಬ್ಬರ ನಡುವೆ ಕೂತು ಪಿಸುದನಿಯಲ್ಲಿ ಕಥೆ ಹೇಳುತ್ತಾ ಹೋಗುತ್ತಿದ್ದರು.

ಮೊದಲನೆಯ ಚಿತ್ರದಲ್ಲಿ ಕ್ಯಾಪ್ಟನ್ ಕಿಟಕಿಯ ಪಕ್ಕ ನಿಂತು ಏನೋ ಹೇಳುತ್ತಾನೆ. ಅವನ ತಂಗಿ ಸುಟ್ಟುಹೋದ ಗ್ರಹದಲ್ಲಿ ಉಳಿದುಬಿಟ್ಟಳು, ಅವಳನ್ನು ಹುಡುಕುತ್ತಿದ್ದಾನೆ ಎಂದರು ಅಪ್ಪ. ನಾನು ಅತ್ತಿದ್ದೆ.

ನಾನು ಕಾಲೇಜು ಸೇರಿದ ಮೇಲೆ, ತೊಂಬತ್ತರ ಆಸುಪಾಸಿನಲ್ಲಿ, ನಾಲ್ಕನೆಯದು ಬಂತು. ಅದು ಕ್ಯಾಪ್ಟನ್‌ನ ಹರೆಯದ ಕಥೆ, ಮೊದಲ ಮೂರಕ್ಕಿಂತ ಹಿಂದೆ ನಡೆದದ್ದು. ಹಳೆಯ ಹೆಸರಿನಲ್ಲಿ ಇನ್ನಷ್ಟು ಟಿಕೆಟ್ ಮಾರುವ ಉಪಾಯ ಇದು ಎಂದು ಅನುಮಾನಿಸುತ್ತಲೇ ವಿಡಿಯೋ ಲೈಬ್ರರಿಯಿಂದ ಕ್ಯಾಸೆಟ್ ತಂದೆ. ಅನುಮಾನ ನಿಜವಾಯಿತು. ಚಿತ್ರದಲ್ಲಿ ತಂಗಿಯೇ ಇರಲಿಲ್ಲ. ನನಗಿರುವುದು ನೀನೊಬ್ಬನೇ, ಬೇರೆ ಮಕ್ಕಳಿಲ್ಲ ಎಂದು ತಾಯಿ ಸ್ಪಷ್ಟವಾಗಿ ಹೇಳುತ್ತಾಳೆ.

ತಮ್ಮ ಕೆರಳಿದ. ತಾವೇ ಹೇಳಿದ ಕಥೆಯನ್ನು ಮರೆತವರು ಸಿನಿಮಾ ಯಾಕೆ ಮಾಡಬೇಕು ಎಂದ. ನನಗೆ ಕ್ಯಾಸೆಟ್ ಮೇಲೆ ಸಂಶಯ ಬಂತು. ಕಳ್ಳ ಪ್ರತಿ ಇರಬೇಕು, ತಂಗಿಯ ಭಾಗ ಕತ್ತರಿಸಿಹೋಗಿರಬೇಕು. ಲೈಬ್ರರಿಯವರು ಬಿಜಾಪುರ ಕಡೆಯ ಸಾಹೇಬರು. ನನ್ನ ದೂರನ್ನು ಪೂರ್ತಿ ಕೇಳಿಸಿಕೊಂಡು, "ಇದರಾಗ ಏನೂ ಕಟ್ ಆಗಿಲ್ಲ ಬೇಟಿ. ಹಳೇದು ಒಯ್ದು ಇನ್ನೊಮ್ಮೆ ನೋಡವಾ" ಎಂದು ಮೊದಲನೆಯ ಚಿತ್ರದ ಕ್ಯಾಸೆಟ್ ಕೈಗಿಟ್ಟರು.

ಅಪ್ಪ ಡ್ಯೂಟಿಗೆ ಹೋಗಿದ್ದಾಗ ನೋಡಿದೆ. ಈಗ ಇಂಗ್ಲಿಷ್ ತಿಳಿಯುತ್ತಿತ್ತು. ಕಿಟಕಿಯ ಪಕ್ಕ ನಿಂತ ಕ್ಯಾಪ್ಟನ್, ಬಲಗಡೆಯ ಟ್ಯಾಂಕ್ ಸೋರುತ್ತಿದೆ, ಯಾರನ್ನಾದರೂ ಕಳಿಸಿ ಎನ್ನುತ್ತಾನೆ. ಅಷ್ಟೇ. ರಿವೈಂಡ್ ಮಾಡಿ ಮತ್ತೆರಡು ಸಲ ಕೇಳಿದೆ. ಟ್ಯಾಂಕೇ.

ಸಂಜೆ ಅಪ್ಪ ವಿಕ್ರೋಳಿಯ ಕಾರ್ಖಾನೆಯಿಂದ ಬಂದು ಕಾಫಿ ಕುಡಿಯುತ್ತಿದ್ದಾಗ ಕೇಳಿಯೇಬಿಟ್ಟೆ. ಅವರು ತಪ್ಪಿಸಿಕೊಳ್ಳಲು ನೋಡಲಿಲ್ಲ.

"ಆ ಇಂಗ್ಲಿಷ್ ನನಗೆಲ್ಲಿ ಅರ್ಥ ಆಗ್ತಿತ್ತು? ನೀವಿಬ್ರೂ ಬಿಡದೆ ಕೇಳ್ತಿದ್ರಿ. ಏನೋ ಒಂದು ಹೇಳ್ಬೇಕಿತ್ತಲ್ಲ."

"ತಂಗೀನೇ ಯಾಕೆ?"

"ಅವನ ಮುಖ ನೋಡಿದ್ರೆ ಯಾರನ್ನೋ ಬಿಟ್ಟು ಬಂದವನ ಹಾಗಿತ್ತು," ಎಂದರು.

ಆಮೇಲೆ ಸ್ವಲ್ಪ ಕಾಲ ಅಪ್ಪನ ಯಾವ ಮಾತನ್ನೂ ನಂಬಲು ಆಗಲಿಲ್ಲ. ಅವರು ಹೇಳಿದ್ದ ಮೈಸೂರಿನ ಕಥೆಗಳು, ಅಜ್ಜನ ಕುದುರೆ, ಎಲ್ಲವನ್ನೂ ಅಮ್ಮನ ಹತ್ತಿರ ಗುಟ್ಟಾಗಿ ವಿಚಾರಿಸಿದೆ. ಕುದುರೆ ನಿಜವಂತೆ. ತಮ್ಮನಿಗೆ ಟ್ಯಾಂಕಿನ ಮಾತು ಹೇಳಿದರೆ ಅವನು ಒಪ್ಪಲಿಲ್ಲ. ಹಳೆಯ ಚಿತ್ರ ತೋರಿಸುತ್ತೇನೆಂದರೂ ಕೂರಲಿಲ್ಲ. ಹೊಸ ಸಿನಿಮಾ ತಪ್ಪು ಎಂದು ಇಂದಿಗೂ ವಾದಿಸುತ್ತಾನೆ.

ಒಂದು ಭಾನುವಾರ ಮಧ್ಯಾಹ್ನ ನಾಲ್ಕನೆಯದನ್ನು ಮತ್ತೆ ಹಾಕಿದೆ. ಈ ಸಲ ಅಪ್ಪನಿಗೆ ನಾನು ಅರ್ಥ ಹೇಳುತ್ತಾ ಕೂತೆ. ಒಂದು ಮಾತೂ ಸೇರಿಸಲಿಲ್ಲ, ಬಿಡಲಿಲ್ಲ. ಅರ್ಧ ಗಂಟೆಯಾದ ಮೇಲೆ ಅಪ್ಪ, ಇವನಿಗೆ ಒಡಹುಟ್ಟಿದವರು ಯಾರೂ ಇಲ್ಲವೇ ಎಂದು ಕೇಳಿದರು. ಇಲ್ಲ ಎಂದೆ.

"ಹಾಗಾದ್ರೆ ಇದು ಅಷ್ಟೇನೂ ಚೆನ್ನಾಗಿಲ್ಲ ಬಿಡು," ಎಂದು ಎದ್ದು ಹೋದರು.

ನನಗೆ ಮಾತ್ರ ಚಿತ್ರ ಅಷ್ಟರಲ್ಲಿ ಹಿಡಿಸತೊಡಗಿತ್ತು. ಒಬ್ಬಳೇ ಕೂತು ಕೊನೆಯವರೆಗೂ ನೋಡಿದೆ.